ಚಿತ್ರದ ಕೆಳಗೆ ಒಂದು ಸಾಲು



ಪ್ರವಾಸ ಮತ್ತು ಫೋಟೊಗ್ರಫಿ ಕೊಡುವ ಸಂತೋಷದ ಬಗ್ಗೆ ಮಾತಾಡಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಕೇಳಿದಾಗ ನಾನು ಒಂದು ಷರತ್ತು ಹಾಕಿದೆ. ಯಾವ ಕ್ಯಾಮೆರಾ ಕೊಳ್ಳಬೇಕು, ರಜೆಯಲ್ಲಿ ಎಲ್ಲಿಗೆ ಹೋಗಬೇಕು, ಸೂರ್ಯಾಸ್ತವನ್ನು ಹೇಗೆ ಹಿಡಿಯಬೇಕು ಎಂಬ ಸಲಹೆಗಳನ್ನು ನನ್ನಿಂದ ನಿರೀಕ್ಷಿಸಬಾರದು ಎಂದೆ. ಅವನ್ನು ಹೇಳುವವರು ಈಗ ಎಲ್ಲರ ಮೊಬೈಲಿನಲ್ಲೂ ಕೂತಿದ್ದಾರೆ. ಅವರು ಯಾರೂ ಹೇಳದ ಒಂದು ವಿಷಯವಿದೆ, ಅದಕ್ಕೆ ಮಾತ್ರ ಈ ಹೊತ್ತನ್ನು ಬಳಸಿಕೊಳ್ಳುತ್ತೇನೆ. ಫೋಟೊ ತೆಗೆಯುವವನಿಗೆ ಬಟನ್ ಒತ್ತಿದಾಗ ಸಿಗುವುದು ಅರ್ಧ ಸುಖ. ಉಳಿದರ್ಧ ಸಿಗುವುದು ಮನೆಗೆ ಬಂದು ಆ ಚಿತ್ರದ ಕೆಳಗೆ ಒಂದು ಸಾಲು ಬರೆಯಲು ಕೂತಾಗ. ಇವರು ಯಾರು, ಇದು ಯಾವ ಊರು, ಇವರು ಮಾಡುತ್ತಿದ್ದ ಕೆಲಸ ಏನು ಎಂದು ಬರೆಯಹೋದರೆ ಕೈ ತಡೆಯುತ್ತದೆ. ನಾವು ನೋಡಿದ್ದೇವೆ, ಆದರೆ ತಿಳಿದುಕೊಂಡಿಲ್ಲ. ತಿಳಿಯಬೇಕಾದರೆ ಮರಳಿ ಹೋಗಿ ಕೇಳಬೇಕು. ಕೇಳಿದ ಮೇಲೆ ಕಾಣುವ ಊರು ಮೊದಲು ಕಂಡ ಊರಾಗಿರುವುದಿಲ್ಲ. ಪ್ರವಾಸದಿಂದ ಹೊಸ ದೃಷ್ಟಿ ಬರುತ್ತದೆ ಎಂದು ಎಲ್ಲರೂ ಹೇಳುತ್ತೇವಲ್ಲ, ಅದು ಬರುವ ದಾರಿ ಇದೇ ಎಂದು ನನ್ನ ನಂಬಿಕೆ.

ಈ ಮಾತಿಗೆ ಮುಂಡಗೋಡ ತಕ್ಕ ಜಾಗ. ಹುಬ್ಬಳ್ಳಿಯಿಂದ ತಡಸದ ಮೇಲೆ ಶಿರಸಿಗೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವುದು ನಮ್ಮ ತಾಲೂಕಿನಲ್ಲೇ. ಒಂದು ಕಡೆ ಗೋವಿನಜೋಳ, ಹತ್ತಿ. ಇನ್ನೊಂದು ಕಡೆ ಭತ್ತದ ಗದ್ದೆ, ಅಡಿಕೆ, ಸಾಗುವಾನಿ. ಆದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡವರ ಕಣ್ಣು ಮುಂದಿನ ಊರುಗಳ ಮೇಲೆ. ಯಾಣ, ಸಹಸ್ರಲಿಂಗ, ಜೋಗ, ಇಲ್ಲವೇ ಆ ಕಡೆ ದಾಂಡೇಲಿ, ಜೋಯಿಡಾ. ಮುಂಡಗೋಡದಲ್ಲಿ ಇಳಿಯುವವರು ಬರುವುದು ಒಂದೇ ಕಾರಣಕ್ಕೆ, ಟಿಬೆಟನ್ ಕಾಲೊನಿ ನೋಡಲಿಕ್ಕೆ. ಬರುತ್ತಾರೆ, ಬಂಗಾರದ ಬಣ್ಣದ ಬುದ್ಧನ ಮುಂದೆ ನಿಲ್ಲುತ್ತಾರೆ, ಮೋಮೊ ತಿನ್ನುತ್ತಾರೆ, ಹೋಗುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಮೋಮೊ ಚೆನ್ನಾಗಿಯೇ ಇರುತ್ತದೆ.

ಆ ಕಾಲೊನಿಯ ಲಾಮಾ ಕ್ಯಾಂಪಿನ ಒಂದು ಫೋಟೊವನ್ನು ನೀವೆಲ್ಲ ನೋಡಿರುತ್ತೀರಿ. ಬಯಲಂಗಳದಲ್ಲಿ ಕೆಂಪು ವಸ್ತ್ರದ ಯುವ ಭಿಕ್ಷುಗಳು ಗುಂಪು ಗುಂಪಾಗಿ ಇದ್ದಾರೆ. ಒಬ್ಬ ನೆಲದ ಮೇಲೆ ಕೂತಿದ್ದಾನೆ. ಎದುರಿಗೆ ನಿಂತವನು ಎಡಗಾಲನ್ನು ನೆಲಕ್ಕೆ ಅಪ್ಪಳಿಸುತ್ತ, ಎರಡೂ ಕೈ ಚಪ್ಪಾಳೆಗೆ ಕೂಡಿಸಿ, ಬಾಯಿ ತೆರೆದಿದ್ದಾನೆ. ಅದ್ಭುತ ಚಿತ್ರ. ಕ್ಯಾಲೆಂಡರುಗಳಲ್ಲಿ, ಪ್ರವಾಸೋದ್ಯಮದ ಪುಸ್ತಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಅದರ ಕೆಳಗೆ ಇರುವ ಸಾಲು ಸಾಮಾನ್ಯವಾಗಿ ‘ಟಿಬೆಟನ್ ಭಿಕ್ಷುಗಳು’ ಎಂದಷ್ಟೆ. ಏನೂ ತಿಳಿಯದವರಿಗೆ ಅದು ಜಗಳದ ಹಾಗೆ ಕಾಣುತ್ತದೆ, ಅಥವಾ ಕುಣಿತದ ಹಾಗೆ. ನಿಜಕ್ಕೂ ಅಲ್ಲಿ ನಡೆದಿರುವುದು ತರ್ಕದ ಚರ್ಚೆ. ನಿಂತವನು ಪ್ರಶ್ನೆ ಕೇಳುವವನು, ಕೂತವನು ಒಂದು ವಾದವನ್ನು ಹಿಡಿದು ಅದನ್ನು ಕಾಪಾಡಿಕೊಳ್ಳಬೇಕಾದವನು. ಪ್ರಶ್ನೆ ಮುಗಿಯಿತು, ಇನ್ನು ನಿನ್ನ ಉತ್ತರ ಬರಲಿ ಎಂಬುದಕ್ಕೆ ಆ ಚಪ್ಪಾಳೆ ಗುರುತು. ಕೂತವನು ತಡಮಾಡಿದರೆ ಸುತ್ತಲಿನವರೂ ಸೇರಿ ಕೆಣಕುತ್ತಾರೆ. ಭಾರತದ ನಾಲಂದಾದಂಥ ವಿದ್ಯಾಪೀಠಗಳ ತರ್ಕಶಾಸ್ತ್ರ, ದಿಙ್ನಾಗ ಮತ್ತು ಧರ್ಮಕೀರ್ತಿಯ ಪ್ರಮಾಣವಿಚಾರ, ಹಿಮಾಲಯ ದಾಟಿ ಹೋಗಿ ಅಲ್ಲಿ ಶತಮಾನಗಳ ಕಾಲ ಬೆಳೆದು, ಈಗ ನಮ್ಮ ಗೋವಿನಜೋಳದ ಹೊಲಗಳ ಪಕ್ಕ ಸಂಜೆಹೊತ್ತು ಚಪ್ಪಾಳೆ ತಟ್ಟುತ್ತಿದೆ. ಈ ನಾಲ್ಕು ಮಾತು ತಿಳಿದ ಮೇಲೆ ಅದೇ ಚಿತ್ರವನ್ನು ಮತ್ತೊಮ್ಮೆ ನೋಡಿ. ಕಣ್ಣು ಚಪ್ಪಾಳೆಯ ಕೈಗಳನ್ನು ಬಿಟ್ಟು ಕೂತವನ ಮುಖಕ್ಕೆ ಹೋಗುತ್ತದೆ. ಅವನಿಗೆ ಉತ್ತರ ಹೊಳೆಯಿತೋ ಇಲ್ಲವೋ ಎಂದು ಹುಡುಕತೊಡಗುತ್ತದೆ. ಮುಂದಿನ ಸಲ ಅಲ್ಲಿಗೆ ಹೋದ ಫೋಟೊಗ್ರಾಫರ್ ನಿಲ್ಲುವ ಜಾಗವೇ ಬದಲಾಗುತ್ತದೆ.

ಲಾಮಾ ಕ್ಯಾಂಪಿನ ಗಾದೆನ್, ಡ್ರೆಪುಂಗ್ ಮಠಗಳು ಮೂಲದಲ್ಲಿ ಟಿಬೆಟಿನವು. ಗಾದೆನ್ ಸ್ಥಾಪನೆಯಾದದ್ದು 1409ರಲ್ಲಿ, ಡ್ರೆಪುಂಗ್ 1416ರಲ್ಲಿ, ಎರಡೂ ಲಾಸಾದ ಸುತ್ತಮುತ್ತ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದಾಗ ಹಿಂದೆಯೇ ಹೊರಟ ಭಿಕ್ಷುಗಳಲ್ಲಿ ಬಹಳ ಜನ ಮೊದಲು ಸೇರಿದ್ದು ಬಂಗಾಳದ ಬಕ್ಸಾ ಕೋಟೆಯನ್ನು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ ಅದು. ಅಲ್ಲಿ ಹತ್ತು ವರ್ಷ ಕಳೆದ ಮೇಲೆ ಅವರು ಇಲ್ಲಿಗೆ ಬಂದರು. ಅದಕ್ಕೂ ಮೊದಲೇ, 1966ರಲ್ಲಿ, ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 4,000 ಎಕರೆ ಕಾಡುಭೂಮಿಯಲ್ಲಿ ನಿರಾಶ್ರಿತ ಕುಟುಂಬಗಳ ವಸತಿ ಶುರುವಾಗಿತ್ತು. ತಾವೇ ಕಾಡು ಕಡಿದು ಹೊಲ ಮಾಡಿಕೊಂಡ ಆ ಮೊದಲ ತಲೆಮಾರಿನ ಕೈಗಳ ಫೋಟೊಗಳು ಎಷ್ಟಿವೆ? ಬಂಗಾರದ ಮೂರ್ತಿಯ ಮುಂದಿನ ಸೆಲ್ಫಿಗಳಷ್ಟಂತೂ ಇಲ್ಲ.

ಇದೇ ಲಾಸಾದ ಚಿತ್ರಗಳ ಕತೆಯನ್ನೂ ಹೇಳಿಬಿಡುತ್ತೇನೆ. ಹೊರಗಿನವರಿಗೆ ಪ್ರವೇಶವಿಲ್ಲದ ಆ ಊರಿಗೆ 1900ರಲ್ಲಿ ಗೊಂಬೋಜಾಬ್ ತ್ಸಿಬಿಕೊವ್ ಎಂಬ ಬುರಿಯಾತ್ ವಿದ್ವಾಂಸ ಬೌದ್ಧ ಯಾತ್ರಿಕನಾಗಿ ಹೋಗಿ, ಒಂದು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿ, ಗುಟ್ಟಾಗಿ ಫೋಟೊ ತೆಗೆದ. ಆ ಚಿತ್ರಗಳು ರಷ್ಯಾದ ಭೌಗೋಳಿಕ ಸಂಘದ ಮೂಲಕ ಅಮೆರಿಕಕ್ಕೆ ಹೋಗಿ, 1905ರ ಜನವರಿಯ ‘ನ್ಯಾಷನಲ್ ಜಿಯಾಗ್ರಫಿಕ್’ನಲ್ಲಿ 11 ಪುಟ ತುಂಬಿದವು. ಬರೀ ಫೋಟೊಗಳಿಗೇ ಅಷ್ಟು ಪುಟ ಕೊಡುವುದು ಆ ಕಾಲಕ್ಕೆ ಸಂಪಾದಕನ ದುಸ್ಸಾಹಸ. ಇಂದು ಲೋಕಪ್ರಸಿದ್ಧವಾದ ಆ ಪತ್ರಿಕೆ ಚಿತ್ರಪತ್ರಿಕೆಯಾಗಲು ಲಾಸಾದ ಚಿತ್ರಗಳೂ ಒಂದು ಕಾರಣ. ಇಂದಿಗೂ ಟಿಬೆಟಿನ ಒಳಗೆ ಒಂದು ಫೋಟೊ ಗುಟ್ಟಿನದೇ: ದಲೈ ಲಾಮಾ ಅವರ ಫೋಟೊ ಇಟ್ಟುಕೊಳ್ಳುವುದು 1990ರ ದಶಕದಿಂದ ಅಲ್ಲಿ ನಿಷಿದ್ಧ. ಇಲ್ಲಿ, ಕ್ಯಾಂಪಿನ ಚಹಾದಂಗಡಿಯಲ್ಲಿ, ಸ್ವೆಟರ್ ಮಾರುವವರ ಮನೆಯ ನಡುಗೋಡೆಯ ಮೇಲೆ ಅದು ಸಲೀಸಾಗಿ ತೂಗುತ್ತದೆ. ಅಂಗಡಿಯ ಒಳಾಂಗಣವನ್ನು ಕ್ಲಿಕ್ಕಿಸಿದ ಪ್ರವಾಸಿಗನ ಚಿತ್ರದ ಮೂಲೆಯಲ್ಲಿ ಆ ಪಟ ಇದ್ದೇ ಇರುತ್ತದೆ. ಅದು ಅಲ್ಲಿ ತೂಗುವುದಕ್ಕೂ ಒಂದು ದೇಶ ಬಿಟ್ಟು ಬರಬೇಕಾಯಿತು ಎಂಬುದು ಗೊತ್ತಿಲ್ಲದಿದ್ದರೆ, ಅದು ಗೋಡೆಯ ಅಲಂಕಾರ ಮಾತ್ರ.

ಈಗ ನಮ್ಮ ಜಿಲ್ಲೆಯವರೇ ಆದ ಒಬ್ಬರ ವಿಷಯಕ್ಕೆ ಬರುತ್ತೇನೆ. ಪ್ರವಾಸ ಮತ್ತು ಫೋಟೊಗ್ರಫಿ ಎಂಬ ಎರಡು ಮಾತು ಒಟ್ಟಿಗೆ ಕೇಳಿದಾಗ ಉತ್ತರ ಕನ್ನಡದ ಓದುಗನಿಗೆ ಮೊದಲು ನೆನಪಾಗಬೇಕಾದವರು ಹೊನ್ನಾವರದ ಡಾ. ಕೃಷ್ಣಾನಂದ ಕಾಮತ. 1934ರಲ್ಲಿ ಹುಟ್ಟಿದರು, 2002ರಲ್ಲಿ ತೀರಿಕೊಂಡರು. ಕೀಟಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿ, ಅಮೆರಿಕದಲ್ಲಿ ಡಾಕ್ಟರೇಟ್ ಮಾಡಿ ಬಂದವರು. ಆ ದಿನಗಳ ಬಗ್ಗೆ ಅವರು ಬರೆದ ‘ನಾನೂ ಅಮೇರಿಕೆಗೆ ಹೋಗಿದ್ದೆ’ ಎಂಬ ಪುಸ್ತಕದ ಹೆಸರಿನಲ್ಲೇ ಒಂದು ತುಂಟತನ ಇದೆ. ವಿದೇಶಕ್ಕೆ ಹೋಗಿಬಂದವರೆಲ್ಲ ಪ್ರವಾಸಕಥನ ಬರೆದು ಬೀಗುತ್ತಿದ್ದ ಕಾಲದಲ್ಲಿ ಆ ‘ನಾನೂ’ ಎಂಬುದರ ಚುಚ್ಚು ಓದುಗರಿಗೆ ತಟ್ಟದೆ ಇರಲಿಲ್ಲ. ಆಮೇಲೆ ಬಂಗಾಳ ಸುತ್ತಿ ‘ವಂಗದರ್ಶನ’ ಬರೆದರು, ಬಸ್ತರದ ಆದಿವಾಸಿಗಳ ನಡುವೆ ಓಡಾಡಿ ‘ಬಸ್ತರ ಪ್ರವಾಸ’ ಬರೆದರು. ಇರುವೆಗಳ ಮೇಲೆ ಒಂದು ಪುಸ್ತಕ, ಪ್ರಾಣಿಗಳ ಮೇಲೊಂದು, ಸಸ್ಯಗಳ ಮೇಲೊಂದು. ಎಲ್ಲಕ್ಕೂ ಜತೆಯಾಗಿ ಅವರ ಕ್ಯಾಮೆರಾ ಇತ್ತು, ಗೆರೆಚಿತ್ರ ಬರೆಯುವ ಕೈಯೂ ಇತ್ತು.

ಕಾಮತರ ಫೋಟೊಗಳನ್ನು ಒಟ್ಟಾಗಿ ನೋಡಿದವರಿಗೆ ಮೊದಲಿಗೆ ನಿರಾಸೆಯಾಗಬಹುದು. ಸ್ಪರ್ಧೆಗೆ ಕಳಿಸಿ ಪದಕ ಗೆಲ್ಲುವಂಥ ಬೆಳಕಿನ ಆಟ ಅವುಗಳಲ್ಲಿ ಹೆಚ್ಚು ಕಾಣುವುದಿಲ್ಲ. ಕಾಣುವುದು ಬದುಕಿನ ಸಾಮಾನು: ಮನೆ, ಗುಡಿ, ಆಭರಣ, ಉಡುಪು, ಪಾತ್ರೆ, ವೀರಗಲ್ಲು, ಸಂತೆ, ಮಕ್ಕಳ ಆಟ. ಪ್ರತಿಯೊಂದಕ್ಕೂ ಇದು ಇಂಥದ್ದು, ಇಂಥ ಕಡೆಯದು ಎಂಬ ಗುರುತು ಇರುತ್ತದೆ. ವಿಜ್ಞಾನಿ ಒಂದು ಹುಳವನ್ನು ಸೂಜಿಗೆ ಚುಚ್ಚಿದರೆ ಅದರ ಕೆಳಗೆ ಹೆಸರು, ಊರು, ದಿನಾಂಕದ ಚೀಟಿ ಹಾಕಲೇಬೇಕು. ಚೀಟಿ ಇಲ್ಲದ ಮಾದರಿಗೆ ಸಂಗ್ರಹಾಲಯದಲ್ಲಿ ಬೆಲೆಯಿಲ್ಲ. ಆ ಶಿಸ್ತು ಅವರ ಕ್ಯಾಮೆರಾಕ್ಕೂ ಬಂತು ಎಂದು ನಾನು ಊಹಿಸುತ್ತೇನೆ. ಅವರ ಪತ್ನಿ ಡಾ. ಜ್ಯೋತ್ಸ್ನಾ ಕಾಮತ ಮಧ್ಯಯುಗೀನ ಕರ್ನಾಟಕದ ಸಾಮಾಜಿಕ ಜೀವನವನ್ನು ಅಭ್ಯಾಸ ಮಾಡಿದ ಇತಿಹಾಸಕಾರರು, ಆಕಾಶವಾಣಿಯಲ್ಲಿ ದೀರ್ಘಕಾಲ ಕೆಲಸ ಮಾಡಿದವರು. ಗುಡಿಯ ಶಿಲ್ಪದಲ್ಲಿ ಹೆಂಗಸರ ಮುಡಿ ಹೇಗಿದೆ, ಅಡಿಗೆಯ ಪಾತ್ರೆ ಯಾವ ಆಕಾರದ್ದು ಎಂದು ನೋಡುವ ಕಣ್ಣು ಮನೆಯಲ್ಲೇ ಇತ್ತು. ಹೀಗೆ ಒಬ್ಬರು ಕೇಳುವವರು, ಇನ್ನೊಬ್ಬರು ಚಿತ್ರ ತೆಗೆಯುವವರು ಇದ್ದ ಮನೆ ಕನ್ನಡದಲ್ಲಿ ಎಷ್ಟಿದ್ದವು?

ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಕಾವಿ ಕಲೆಯದು. ನಮ್ಮ ಕರಾವಳಿಯ, ಗೋವೆಯ ಹಳೆಯ ಗುಡಿಗಳ ಗೋಡೆಯ ಮೇಲೆ ಕೆಂಪು ಬಿಳಿಯ ಚಿತ್ರಗಳನ್ನು ಹಿರಿಯರು ಕಂಡಿದ್ದೀರಿ. ಸುಣ್ಣದ ಗಾರೆ ಬಳಿದು, ಅದರ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಹಸಿ ಇರುವಾಗಲೇ ಉಕ್ಕಿನ ಮೊನೆಯಿಂದ ಕೆಂಪನ್ನು ಕೆರೆದು ಒಳಗಿನ ಬಿಳಿಯನ್ನು ಹೊರಡಿಸುವ ಕಲೆ ಅದು. ಕುಂಚ ಇಲ್ಲ, ಎರಡನೆಯ ಬಣ್ಣ ಇಲ್ಲ. ಕಾಮತರು ಇದನ್ನು ಹುಡುಕಿಕೊಂಡು ಊರೂರು ತಿರುಗಿ ದಾಖಲಿಸಿದರು, ಬರೆದರು, ಹೊರಗಿನವರ ಗಮನಕ್ಕೆ ತಂದರು. ಅದೇ ಹೊತ್ತಿಗೆ ಏನಾಗುತ್ತಿತ್ತು? ಗುಡಿಗಳ ಜೀರ್ಣೋದ್ಧಾರ. ಭಕ್ತರಿಗೆ ಹಣ ಬಂದಿತ್ತು, ಸಿಮೆಂಟು ಬಂದಿತ್ತು, ಆಯಿಲ್ ಪೇಂಟ್ ಬಂದಿತ್ತು, ಟೈಲ್ಸೂ ಬಂತು. ಹಳೆಯ ಗೋಡೆ ಕೆಡವಿ ಹೊಸದು ಕಟ್ಟಿದರು. ಎಷ್ಟೋ ಕಡೆ ಈಗ ಉಳಿದಿರುವುದು ಫೋಟೊ ಮಾತ್ರ. ಆ ಫೋಟೊದ ಕೆಳಗೆ ಊರಿನ ಹೆಸರು ಇಲ್ಲದಿದ್ದರೆ ಅದು ಯಾವುದೋ ಗೋಡೆಯ ಯಾವುದೋ ಚಿತ್ತಾರ. ಹೆಸರು ಇರುವುದರಿಂದ ಅದು ಒಂದು ಊರಿನ ಆಸ್ತಿ. ಅವರ ಸಾವಿರಾರು ಚಿತ್ರಗಳು ಈಗ ಅಂತರ್ಜಾಲದಲ್ಲಿ ವಿಷಯವಾರು ನೋಡಲು ಸಿಗುತ್ತವೆ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಎಷ್ಟು ಮಂದಿ ಶಿಕ್ಷಕರು ಅವನ್ನು ಮಕ್ಕಳಿಗೆ ತೋರಿಸಿದ್ದಾರೆ ಎಂದು ಕೇಳುವ ಧೈರ್ಯ ನನಗಿಲ್ಲ.

ಮಲೆನಾಡಿನ ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕೂತು ಹಕ್ಕಿಗಳ ಚಿತ್ರ ತೆಗೆದರು. ಆ ಚಿತ್ರಗಳಿಗಷ್ಟೇ ತೃಪ್ತರಾಗದೆ ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕದಲ್ಲಿ ಕನ್ನಡದ ಹೆಸರು, ನೆಲೆ, ನಡೆ ಎಲ್ಲವನ್ನೂ ಬರೆದರು. ಹಕ್ಕಿಯ ಚಿತ್ರ ಎಲ್ಲಿ ಬೇಕಾದರೂ ಸಿಕ್ಕೀತು. ಹಳ್ಳಿಯ ಹುಡುಗ ತನ್ನ ಬೇಲಿಯ ಮೇಲೆ ಕೂತ ಹಕ್ಕಿಯನ್ನು ತನ್ನ ಭಾಷೆಯಲ್ಲಿ ಗುರುತಿಸುವ ಹಾಗಾಗಲು ಆ ಬರಹವೇ ಬೇಕಾಯಿತು.

ಹಕ್ಕಿಯ ಮಾತು ಬಂದ ಮೇಲೆ ಅತ್ತಿವೇರಿಯನ್ನು ಬಿಡುವ ಹಾಗಿಲ್ಲ. ಮುಂಡಗೋಡ ಪಟ್ಟಣದಿಂದ ಹದಿನೈದು ಕಿಲೊಮೀಟರಿನ ಆಸುಪಾಸಿನಲ್ಲಿರುವ ಈ ಪಕ್ಷಿಧಾಮ ಚಿಕ್ಕದು, ಬರೀ 2.23 ಚದರ ಕಿಲೊಮೀಟರ್. ಹೊಲಗಳಿಗೆ ನೀರುಣಿಸಲು ಕಟ್ಟಿದ ಜಲಾಶಯದ ಸುತ್ತ ಹಕ್ಕಿಗಳು ತಾವಾಗಿಯೇ ಬಂದು ನೆಲೆಸಿದವು. ಚಳಿಗಾಲದಲ್ಲಿ ಬಿಳಿ ಕೆಂಬರಲು, ಚಮಚಕೊಕ್ಕು, ನೀರುಕಾಗೆಗಳ ದಂಡೇ ಇರುತ್ತದೆ. ಬರುವವರಿಗೆ ಬೇಕಾಗಿರುವುದು ಸಾಮಾನ್ಯವಾಗಿ ಒಂದೇ ಚಿತ್ರ. ಕಪ್ಪು-ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ನೆಟ್ಟಗೆ ಕೆಳಕ್ಕೆ ಬೀಳುವ ಕ್ಷಣ. ಒಳ್ಳೆಯ ಚಿತ್ರವೇ ಅದು, ಯಾರಿಗೆ ಆಸೆಯಾಗದು! ಆದರೆ ಅಣೆಕಟ್ಟಿನ ನೀರು ಯಾವಾಗ ಗದ್ದೆಗೆ ಬಿಡುತ್ತಾರೆ, ನೀರಿಳಿದು ಕೆಸರು ತೆರೆದಾಗ ಯಾವ ಹಕ್ಕಿ ಬರುತ್ತದೆ, ಕೆಂಬರಲು ಹಗಲೆಲ್ಲ ಯಾರ ಗದ್ದೆಯಲ್ಲಿ ಮೇಯುತ್ತದೆ ಎಂಬುದು ಆ ಕ್ಷಣದೊಳಗೆ ಇಲ್ಲ. ಅದನ್ನು ಬಲ್ಲವನು ಪಕ್ಕದ ಹೊಲದಲ್ಲಿ ಕೆಲಸ ಮಾಡುವ ರೈತ. ಅವನ ಹತ್ತಿರ ಹತ್ತು ನಿಮಿಷ ಕೂತ ಫೋಟೊಗ್ರಾಫರ್ ಎಲ್ಲಿ, ಯಾವ ಹೊತ್ತಿಗೆ ನಿಲ್ಲಬೇಕೆಂದು ಕಲಿತು ಏಳುತ್ತಾನೆ. ಇದರಿಂದ ಚಿತ್ರವೂ ಸುಧಾರಿಸುತ್ತದೆ ಎಂಬುದನ್ನು ಲಾಭದ ಲೆಕ್ಕದಲ್ಲಿ ನಂಬುವವರಿಗಾಗಿ ಹೇಳಿದೆ.

ನಮ್ಮದೇ ಜಿಲ್ಲೆಯ ಜೋಯಿಡಾ ತಾಲೂಕಿನ ಗಣೇಶಗುಡಿಯಲ್ಲಿ ಪರಿಸ್ಥಿತಿ ಬೇರೆ. ಸೂಪಾ ಅಣೆಕಟ್ಟು ಕಟ್ಟುವಾಗ ಬಂಡೆ ಸಿಡಿಸುವ ಮದ್ದು ತುಂಬಿಡುತ್ತಿದ್ದ ಉಗ್ರಾಣ ಈಗ ‘ಓಲ್ಡ್ ಮ್ಯಾಗಜೀನ್ ಹೌಸ್’ ಎಂಬ ಅತಿಥಿಗೃಹವಾಗಿ ದೇಶದ ಪಕ್ಷಿ ಛಾಯಾಗ್ರಾಹಕರಿಗೆಲ್ಲ ಪರಿಚಿತ. ನೀರಿನ ತೊಟ್ಟಿಗಳಿಗೆ ಹಕ್ಕಿಗಳು ಮೀಯಲು ಬರುತ್ತವೆ, ಕೂತಲ್ಲೇ ಚಿತ್ರ ಸಿಗುತ್ತದೆ. ವಯಸ್ಸಾದವರಿಗೆ, ಕಾಡಿನಲ್ಲಿ ನಡೆಯಲಾಗದವರಿಗೆ ಇದೊಂದು ವರವೇ. ನಾನು ಅದನ್ನು ಹಳಿಯುವುದಿಲ್ಲ. ಒಂದೇ ಕೊಂಬೆ, ಒಂದೇ ಹಸಿರು ಹಿನ್ನೆಲೆ, ನೂರಾರು ಜನರ ಕ್ಯಾಮೆರಾದಲ್ಲಿ ಒಂದೇ ಹಕ್ಕಿ ಎಂಬ ಟೀಕೆ ನಿಜ. ಆದರೂ ಮದ್ದಿನ ಉಗ್ರಾಣ ಹಕ್ಕಿಗಳ ಮನೆಯಾಯಿತು ಎಂಬ ಒಂದು ಸಾಲನ್ನು ಆ ಚಿತ್ರದ ಕೆಳಗೆ ಬರೆದವನು ಉಳಿದ ನೂರಾರು ಜನರಿಂದ ಬೇರೆಯಾಗುತ್ತಾನೆ.

ದಾಂಡೇಲಿಯ ಮಂಗಟ್ಟೆ ಹಕ್ಕಿಯ ವಿಷಯದಲ್ಲಿ ಮಾತ್ರ ನಾನು ಇಷ್ಟು ಉದಾರಿಯಲ್ಲ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಹೊಕ್ಕು, ಅದರ ಬಾಯಿಯನ್ನು ಮುಚ್ಚಿಕೊಂಡು, ಒಂದು ಸೀಳು ಮಾತ್ರ ಬಿಟ್ಟುಕೊಂಡು ಮೊಟ್ಟೆಯ ಮೇಲೆ ಕೂಡುತ್ತದೆ. ವಾರಗಟ್ಟಲೆ ಗಂಡು ತಂದು ತಿನ್ನಿಸುವುದೇ ತಾಯಿಗೂ ಮರಿಗೂ ಅನ್ನ. ಆ ಮರದ ಕೆಳಗೆ ಮೂರುಕಾಲಿನ ಸ್ಟ್ಯಾಂಡು ನೆಟ್ಟು ಹತ್ತು ಜನ ಕಾದರೆ ಗಂಡು ಹತ್ತಿರ ಬರಲು ಹಿಂಜರಿಯುತ್ತದೆ. ಒಳಗಿನವುಗಳ ಹೊಟ್ಟೆಯ ಮೇಲೆ ಬರುವ ಹೊಡೆತ ಅದು. ಈ ಹಕ್ಕಿಗಾಗಿಯೇ 2011ರಲ್ಲಿ ದಾಂಡೇಲಿಯಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಇಂದು ಅನೇಕ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಹಿಂದಿನ ತಲೆಮಾರಿನವರಲ್ಲಿ ಗೂಡಿನ ಚಿತ್ರ ಸಾಮಾನ್ಯವಾಗಿತ್ತು, ಆಗಿನ ಭಾರದ ಸಲಕರಣೆಗಳಿಗೆ ಬೇರೆ ಉಪಾಯವೂ ಕಡಿಮೆಯಿತ್ತು. ಆ ತಲೆಮಾರಿನವರೇ ಆದ ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥ ದೊಡ್ಡವರು ವನ್ಯಜೀವಿ ಛಾಯಾಗ್ರಹಣದಲ್ಲಿ ಕರ್ನಾಟಕಕ್ಕೆ ಹೆಸರು ತಂದವರು. ಘೋರ್ಪಡೆ ಅವರು ರಾಜ್ಯದ ಹಣಕಾಸು ಸಚಿವರೂ ಆಗಿದ್ದರು ಎಂಬುದು ಇಂದಿನ ಸಚಿವರ ದಿನಚರಿ ಬಲ್ಲವರಿಗೆ ನಂಬಲು ಕಷ್ಟ. ಬಜೆಟ್ಟು ಮಂಡಿಸಿದ ಮನುಷ್ಯ ಕಪ್ಪು-ಬಿಳುಪಿನಲ್ಲಿ ಆನೆಯ ಮೈಮೇಲಿನ ಬೆಳಕು ಬದಲಾಗುವುದನ್ನು ಕಾಯುತ್ತಿದ್ದ!

ಮನುಷ್ಯರ ಚಿತ್ರಕ್ಕೆ ಬರೋಣ. ಇದು ಇನ್ನೂ ಸೂಕ್ಷ್ಮ. ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಯರಿದ್ದಾರೆ, ಎಮ್ಮೆ ಕಾಯುವ ಗೌಳಿಗರಿದ್ದಾರೆ. ಸಿದ್ದಿಯರ ಪೂರ್ವಜರು ಆಫ್ರಿಕಾದಿಂದ ಬಂದವರು, ಅನೇಕರು ಪೋರ್ಚುಗೀಸರ ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಗೌಳಿಗರು ಅದೇ ಬೇಡಿಕೆ ಇಟ್ಟುಕೊಂಡು ಕಾಯುತ್ತಲೇ ಇದ್ದಾರೆ. ಹೊರಗಿನಿಂದ ಬಂದ ಕ್ಯಾಮೆರಾ ಸಿದ್ದಿಯರನ್ನು ಕಂಡರೆ ಮೊದಲು ಹೇಳುವುದು ‘ಡಮಾಮಿ ಕುಣಿರಿ’ ಎಂದು. ಆಮೇಲೆ ಗುಂಗುರು ಕೂದಲಿನ ಮಗುವಿನ ನಗುಮುಖ. ಕೆಳಗೆ ‘ಸಿದ್ದಿ ಬಾಲಕಿ’ ಎಂಬ ಎರಡು ಪದ. ಆ ಹುಡುಗಿಗೆ ಹೆಸರಿಲ್ಲವೆ? ಅವಳು ಶಾಲೆಯಲ್ಲಿ ಹಾಜರಿ ಕೂಗುವಾಗ ‘ಸಿದ್ದಿ ಬಾಲಕಿ’ ಎಂದರೆ ಕೈ ಎತ್ತುತ್ತಾಳೆಯೆ? ಶಿರಸಿಯ ನನ್ನ ಗೆಳೆಯನ ಮನೆಗೆ ಬಂದವರು ಅವನ ಫೋಟೊ ತೆಗೆದು ಜಾತಿಯ ಹೆಸರು ಬರೆದು ‘ಇಂಥ ಜಾತಿಯ ಗಂಡಸು’ ಎಂದು ಅಚ್ಚು ಹಾಕಿದರೆ ಅವನು ಸುಮ್ಮನಿರುತ್ತಾನೆಯೆ?

ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನೇ ತೆಗೆದುಕೊಳ್ಳಿ. ಹಳೆಯ ಸೀರೆ, ಅಂಗಿ, ಲುಂಗಿಯ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತುತ್ತ ಹೊಲಿದು, ಕೊನೆಗೆ ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ತ್ರಿಕೋನ ಇಡುತ್ತಾರೆ. ಅದಕ್ಕೆ ಅವರು ‘ಫುಲಾ’, ಅಂದರೆ ಹೂವು, ಎನ್ನುತ್ತಾರೆ. ಮೂಲೆಯಲ್ಲಿ ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಮುಗಿದ ಕೌದಿಯಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಭ್ಯಾಸ ಮಾಡಿ, ತಮ್ಮ ದೇಶದಲ್ಲಿ ಪ್ರದರ್ಶನಕ್ಕಿಟ್ಟ ಮೇಲೆ ನಮ್ಮವರ ಕಣ್ಣಿಗೂ ಅವು ಬಿದ್ದವು. ಪಕ್ಕದ ಹಳ್ಳಿಯ ಹಾಸಿಗೆಯನ್ನು ನೋಡಲು ಸಮುದ್ರದ ಆಚೆಯಿಂದ ಒಬ್ಬರು ಬಂದು ತೋರಿಸಬೇಕಾಯಿತು. ಪ್ರವಾಸ ಎಂದರೆ ದೂರ ಹೋಗುವುದು ಎಂದು ತಿಳಿದವರಿಗೆ ಇದು ಸ್ವಲ್ಪ ನಾಚಿಕೆಯ ವಿಷಯ. ಕೌದಿಯ ಚಿತ್ರ ತೆಗೆಯುವಾಗ ಹೊಲಿದಾಕೆಯ ಹೆಸರು ಕೇಳಿ, ಯಾವ ತುಂಡು ಯಾರ ಬಟ್ಟೆಯದು ಎಂದು ಕೇಳಿ. ಒಂದು ಮನೆತನದ ಕತೆಯೇ ಹೊರಬರುತ್ತದೆ. ಹೆಸರು ಬೇಡ ಎಂದರೆ, ಫೋಟೊವೇ ಬೇಡ ಎಂದರೆ, ಕ್ಯಾಮೆರಾ ಚೀಲಕ್ಕೆ ಹಾಕಿ ಚಹಾ ಕುಡಿದು ಬನ್ನಿ. ಆ ದಿನವೇನೂ ವ್ಯರ್ಥವಾಗಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಫೋಟೊ ತೆಗೆದವರಿಗೆ ಅಜ್ಜಿಯರು ಒಂದು ಪ್ರಶ್ನೆ ಹಾಕುತ್ತಾರೆ: ‘ಎಲ್ಲಾರೂ ಹೊಡಕೊಂಡು ಹೋಗ್ತೀರಿ, ಒಬ್ಬರಾದ್ರೂ ತಂದು ಕೊಟ್ಟೀರೇನು?’ ಈ ಪ್ರಶ್ನೆಗೆ ಉತ್ತರ ಸುಲಭ. ಪ್ರಿಂಟ್ ಹಾಕಿಸಿ ಕೊಡಬೇಕು. ಕೊಡಲು ಹೋದಾಗ ಎರಡನೆಯ ಸಲ ಮಾತಾಗುತ್ತದೆ. ಮೊದಲ ಸಲ ಬಿಗಿದುಕೊಂಡಿದ್ದವರು ಎರಡನೆಯ ಸಲ ಒಳಕ್ಕೆ ಕರೆಯುತ್ತಾರೆ. ರೋಲ್ ಕ್ಯಾಮೆರಾದ ಕಾಲದಲ್ಲಿ ಇದು ತಾನಾಗಿಯೇ ಆಗುತ್ತಿತ್ತು. ಆಗ್ಫಾ ಕ್ಲಿಕ್ ತ್ರೀ ಎಂಬ ಡಬ್ಬಿಯಂಥ ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. ಬಟನ್ ಒತ್ತುವ ಮೊದಲು ಯಾರನ್ನು, ಯಾಕೆ ಎಂದು ಯೋಚಿಸಲೇಬೇಕು. ತೊಳೆಸಿದ ಮೇಲೆ ಪ್ರತಿಯನ್ನು ಹಂಚಬೇಕು, ಹಿಂದೆ ಹೆಸರು ಬರೆದಿಡಬೇಕು. ಈಗಿನ ಮೊಬೈಲಿಗೆ ದಿನಾಂಕ ಗೊತ್ತು, ಗಂಟೆ ಗೊತ್ತು, ನಾವು ನಿಂತ ಜಾಗದ ಅಕ್ಷಾಂಶ ರೇಖಾಂಶ ಗೊತ್ತು. ಎದುರಿಗಿದ್ದ ಮನುಷ್ಯ ಯಾರು ಎಂಬುದನ್ನು ನಾವು ಹೇಳದಿದ್ದರೆ ಅದಕ್ಕೆ ತಿಳಿಯುವುದಿಲ್ಲ.

ಹೆಸರು ಮತ್ತು ದಿನಾಂಕದ ಬೆಲೆ ತಿಳಿಯಬೇಕಾದರೆ ಹಂಪಿಗೆ ಹೋಗಬೇಕು. ಮದ್ರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಚಿತ್ರಿಸಿದ. ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ 1983ರಲ್ಲಿ ಅವೇ ಜಾಗಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ, ನಮ್ಮ ಐವತ್ತು ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥಕ್ಕೆ 1856ರಲ್ಲಿ ಇಟ್ಟಿಗೆಯ ಗೋಪುರ ಇದ್ದದ್ದು ಕಾಣುತ್ತದೆ. ಮುಂದೆ ಅದು ಇಲ್ಲವಾಯಿತು. ಆ ರಥವನ್ನು ಗೋಪುರವಿಲ್ಲದೆಯೇ ಕಂಡ ನಾವು ಅದು ಹಾಗೆಯೇ ಇತ್ತೆಂದು ನಂಬಿ ಬೆಳೆದೆವು. ವರ್ಷ ಬರೆದಿಟ್ಟ ಒಂದು ಹಳೆಯ ಚಿತ್ರ ಆ ನಂಬಿಕೆಯನ್ನು ತ್ರಾಸಿಲ್ಲದೆ ಮುರಿಯುತ್ತದೆ.

ಹಂಪಿಗಾದರೂ ಗ್ರೀನ್‌ಲಾ ಇದ್ದ. ಕಾಳಿ ನದಿಯ ಹಿನ್ನೀರಿನಲ್ಲಿ ಮುಳುಗಿದ ಸೂಪಾ ಊರಿಗೆ ಯಾರಿದ್ದರು? ಒಂದು ತಾಲೂಕಿಗೆ ಹೆಸರು ಕೊಟ್ಟ ಊರು ಅದು. ನೀರು ಬಂದ ಮೇಲೆ ಜೋಯಿಡಾ ತಾಲೂಕು ಕೇಂದ್ರವಾಯಿತು. ಸೂಪಾದ ಪೇಟೆಬೀದಿ, ಶಾಲೆ, ಗುಡಿಯ ಕಟ್ಟೆ, ಮದುವೆಯ ಚಪ್ಪರ ಇವುಗಳ ಚಿತ್ರ ಯಾರದಾದರೂ ಮನೆಯ ಆಲ್ಬಮ್ಮಿನಲ್ಲಿ ಇದ್ದರೆ, ಅದು ಆ ಕುಟುಂಬದ ನೆನಪಿನಷ್ಟೇ ಜಿಲ್ಲೆಯ ಇತಿಹಾಸವೂ ಹೌದು. ಹಿಂದೆ ಹೆಸರು ಬರೆದಿರದಿದ್ದರೆ, ಗುರುತಿಸಬಲ್ಲ ಹಿರಿಯರು ಇರುವಾಗಲೇ ಬರೆಸಿಕೊಳ್ಳಬೇಕು. ನಮ್ಮಲ್ಲಿ ಊರು ಮುಳುಗಿಲ್ಲ, ನಿಜ. ಆದರೆ ಹಂಚಿನ ಮನೆಗಳು ಹೋಗುತ್ತಿವೆ, ಗೌಳಿವಾಡೆಗಳು ಬದಲಾಗುತ್ತಿವೆ, ಕ್ಯಾಂಪುಗಳಿಂದ ಯುವಕರು ವಿದೇಶಕ್ಕೆ ಹೊರಟಿದ್ದಾರೆ.

ಆದ್ದರಿಂದ ಈ ಸಭೆಯಲ್ಲಿ ಇರುವವರಲ್ಲಿ ನನ್ನ ಬೇಡಿಕೆ ಇಷ್ಟೆ. ಕಾಲೇಜಿನ ಹುಡುಗ ಹುಡುಗಿಯರು ಮುಂದಿನ ರಜೆಯಲ್ಲಿ ಗೋವೆಗೆ ಹೋಗಿ, ಬೇಡವೆನ್ನುವುದಿಲ್ಲ. ಹೋಗುವ ಮೊದಲು ನಮ್ಮ ತಾಲೂಕಿನಲ್ಲೇ ನೀವು ಕಾಲಿಡದ ಒಂದು ಹಳ್ಳಿಗೆ ಬಸ್ಸು ಹತ್ತಿ. ಹತ್ತು ಚಿತ್ರ ಸಾಕು. ಪ್ರತಿಯೊಂದರ ಕೆಳಗೆ ಯಾರು, ಎಲ್ಲಿ, ಯಾವಾಗ, ಏನು ಮಾಡುತ್ತಿದ್ದರು ಎಂದು ಕನ್ನಡದಲ್ಲಿ ಬರೆಯಿರಿ. ಒಂದು ಪ್ರತಿಯನ್ನು ಚಿತ್ರದಲ್ಲಿದ್ದವರಿಗೆ ಕೊಡಿ, ಇನ್ನೊಂದನ್ನು ಗ್ರಂಥಾಲಯಕ್ಕೆ ಕೊಡಿ. ಹಿರಿಯರು ಮನೆಯ ಟ್ರಂಕಿನಲ್ಲಿರುವ ಹಳೆಯ ಫೋಟೊಗಳನ್ನು ಹೊರತೆಗೆದು ಹಿಂಬದಿಗೆ ಹೆಸರು ಬರೆಯಿರಿ. ಪೆನ್ಸಿಲ್ಲಿನಿಂದ, ಮೆಲ್ಲಗೆ ಬರೆಯಿರಿ. ಬಾಲ್ ಪೆನ್ನು ಒತ್ತಿದರೆ ಗೆರೆ ಮುಂದಿನ ಮುಖದ ಮೇಲೆ ಮೂಡುತ್ತದೆ. ಇಂಥ ಚಿತ್ರಗಳನ್ನು ಒಂದೆಡೆ ಕೂಡಿಸಿ ವರ್ಷಕ್ಕೊಮ್ಮೆ ಪ್ರದರ್ಶಿಸುವ ಹೊಣೆಯನ್ನು ಈ ದತ್ತಿಯ ಸಂಘಟಕರು ಹೊತ್ತರೆ, ಮುಂದಿನ ವರ್ಷ ಇಲ್ಲಿ ಉಪನ್ಯಾಸದ ಬದಲು ಆ ಚಿತ್ರಗಳನ್ನೇ ಗೋಡೆಗೆ ಹಾಕಬಹುದು. ಅದಕ್ಕೆ ಬೇಕಾದ ಪ್ರಿಂಟಿನ ಖರ್ಚಿಗೆ ಇಂದು ನನಗೆ ಕೊಡಲಿರುವ ಗೌರವಧನವನ್ನು ದಯವಿಟ್ಟು ಬಳಸಿಕೊಳ್ಳಿ.